ಗುಂಡು ಚದುರೋ ಹಳೇ ರೈಫಲ್‌ಗೆ ದುಡ್ಡು ಹಾಕೋದಾ, ಹೊಸ ಟಿಕ್ಕಾ ಟಿ3ಎಕ್ಸ್ ಲೈಟ್ ರೈಫಲ್ ತಗೊಳ್ಳೋದಾ: ಎರಡನ್ನೂ ಮಾಡಿ ನೋಡಿದ ಮೇಲೆ ಬರೆದಿದ್ದು

ತೀರ್ಪು ಮೊದ್ಲೇ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಬೇಟೆ ರೈಫಲ್ ಇಟ್ಟ ಗುರಿಗೆ ಹೊಡೀತಿಲ್ಲ ಅಂದ್ರೆ ಸ್ಕ್ರೂ, ಸ್ಕೋಪ್ ಮೌಂಟ್, ತೋಟಾ, ಕ್ಲೀನಿಂಗ್, ಬೆಡ್ಡಿಂಗ್ (ರೈಫಲ್ಲಿನ ಲೋಹದ ಭಾಗ ಸ್ಟಾಕಲ್ಲಿ, ಅಂದ್ರೆ ಹಿಡಿಕೆ ಭಾಗದಲ್ಲಿ, ಅಲುಗದೆ ಕೂರೋ ಹಾಗೆ ಮಾಡೋದು) ಇಷ್ಟರ ತನಕ ಹಳೇದರ ಮೇಲೇನೇ ಕೆಲಸ ಮಾಡಿ, ಕಣ್ಣು ಮುಚ್ಕೊಂಡು ಮಾಡಿ, ಖರ್ಚು ಕಮ್ಮಿ ಲಾಭ ಜಾಸ್ತಿ. ಇಷ್ಟೆಲ್ಲ ಆದ್ಮೇಲೂ ಚದುರ್ತಾನೇ ಇದೆ, ತಪ್ಪು ಬ್ಯಾರೆಲ್ಲೊಳಗೇ ಇದೆ ಅಂತ ಗೊತ್ತಾದ್ರೆ ಅಲ್ಲಿಗೆ ನಿಲ್ಲಿಸಿ. ಆ ಬ್ಯಾರೆಲ್‌ಗೆ ಹೊಸ ಟ್ರಿಗ್ಗರ್, ಹೊಸ ಸ್ಟಾಕ್ ಅಂತ ಸೇರಿಸ್ತಾ ಹೋಗ್ಬೇಡಿ. ನಾನು ಹಳೇದನ್ನ ಎಲ್ಲಿ ತನಕ ಎಳೀಬಹುದೋ ಅಲ್ಲಿ ತನಕ ಎಳೆದು, ಆಮೇಲೆ ಹೊಸದಕ್ಕೆ ಹೋದೆ, ಆ ಕ್ರಮ ಸರಿಯಾಗೇ ಇತ್ತು ಅಂತ ಈಗ್ಲೂ ಅನ್ಸತ್ತೆ.

ಹಳೇದು .308 ವಿಂಚೆಸ್ಟರ್ ಅನ್ನೋ ಅಳತೆಯ ತೋಟಾ ಹೊಡೆಯೋದು, ಬೋಲ್ಟ್ ಆಕ್ಷನ್ (ಪ್ರತೀ ಗುಂಡಿಗೂ ಕೈಲಿ ಬೋಲ್ಟ್ ಎಳೆದು ತಳ್ಳೋದು), ತೆಳ್ಳಗಿನ ಬ್ಯಾರೆಲ್, ಪ್ಲಾಸ್ಟಿಕ್ ಸ್ಟಾಕ್. ಸೆಕೆಂಡ್ ಹ್ಯಾಂಡ್ ಬಂದಿದ್ದು, ಹಿಂದಿನವ್ರು ಎಷ್ಟು ಗುಂಡು ಹೊಡೆದಿದ್ರೋ ಲೆಕ್ಕ ಇಲ್ಲ. ಕಂಪನಿ ಹೆಸರು ಬೇಡ, ಅದೇ ಮಾಡೆಲ್ ಬೇರೆಯವ್ರ ಕೈಲಿ ತುಂಬ ಚೆನ್ನಾಗಿ ಹೊಡೆಯೋದನ್ನ ನೋಡಿದೀನಿ. 100 ಮೀಟರ್‌ನಲ್ಲಿ ಐದು ಗುಂಡು ಹೊಡೆದ್ರೆ ಸುಮಾರು 9 ಸೆಂಟಿಮೀಟರ್ ಹರಡ್ತಿತ್ತು, ಅಂದ್ರೆ ಹತ್ರ ಹತ್ರ 3 ಎಂಒಎ. ಎಂಒಎ ಅಂದ್ರೆ ಕೋನದ ಅಳತೆ, ಒಂದು ಡಿಗ್ರಿನ 60 ಭಾಗ ಮಾಡಿದ್ರೆ ಅದರಲ್ಲಿ ಒಂದು ಭಾಗ, 100 ಮೀಟರ್‌ಗೆ ಸುಮಾರು 2.9 ಸೆಂಟಿಮೀಟರ್ ಆಗತ್ತೆ, 200ಕ್ಕೆ 5.8, 300ಕ್ಕೆ 8.7, ದೂರ ಹೋದಷ್ಟೂ ಅದೇ ಲೆಕ್ಕದಲ್ಲಿ ಅಗಲ ಆಗ್ತಾ ಹೋಗತ್ತೆ.

ಈಗ 3 ಎಂಒಎ ಬೇಟೆಗೆ ಸಾಲಲ್ವಾ ಅಂತ ಕೇಳೋರಿದಾರೆ, ಆ ಪ್ರಶ್ನೆ ನ್ಯಾಯವಾದ್ದೇ. ಮಧ್ಯಮ ಗಾತ್ರದ ಜಿಂಕೆಯ ಎದೆಗೂಡಲ್ಲಿ ಹೃದಯ ಶ್ವಾಸಕೋಶ ಸೇರಿ ಗುಂಡು ಬೀಳ್ಬೇಕಾದ ಜಾಗ 20 ಸೆಂಟಿಮೀಟರ್ ಅಡ್ಡಗಲ ಇರೋ ಒಂದು ವೃತ್ತ ಅಂತ ಇಟ್ಕೊಳ್ಳಿ. 3 ಎಂಒಎ ರೈಫಲ್ 200 ಮೀಟರ್‌ನಲ್ಲಿ ತಾನೇ 17 ಸೆಂಟಿಮೀಟರ್ ತಿಂದ್ಬಿಡತ್ತೆ, ಅದೂ ಬೆಂಚಿನ ಮೇಲೆ ಮರಳು ಚೀಲ ಇಟ್ಟು ಉಸಿರು ಹಿಡಿದು ಹೊಡೆದಾಗ. ಕಾಡಲ್ಲಿ ಮರಕ್ಕೆ ಒರಗಿ, ಏದುಸಿರು ಬಿಡ್ತಾ, ಗಾಳಿ ಬೀಸ್ತಿರೋವಾಗ, ಪ್ರಾಣಿ ಒಂದು ಹೆಜ್ಜೆ ಇಡೋವಾಗ ನಿಮ್ಮ ಕೈಯಿಂದ ಆಗೋ ಅಲುಗಾಟಕ್ಕೆ ಜಾಗವೇ ಉಳಿಯಲ್ಲ. ಗುಂಡು ಹೊಟ್ಟೆಗೆ ಬಿದ್ದ್ರೆ ಆ ಪ್ರಾಣಿ ಗಂಟೆಗಟ್ಲೆ ನರಳಿ ಎಲ್ಲೋ ಪೊದೇಲಿ ಸಾಯತ್ತೆ, ಸಿಗೋದೂ ಇಲ್ಲ. ಕಾನೂನು ಒಪ್ಪಿ ಲೈಸೆನ್ಸ್ ಕೊಟ್ಟಿದೆ ಅಂದ ಮಾತ್ರಕ್ಕೆ ಹೀಗೆ ಹೊಡೆಯೋ ಹಕ್ಕು ಬರಲ್ಲ. ನನಗೆ ರೈಫಲ್ ನಿಖರತೆ ಮುಖ್ಯ ಆಗೋದು ಇದಕ್ಕೇ, ಪೇಪರ್ ಮೇಲೆ ಚಂದದ ಗ್ರೂಪ್, ಅಂದ್ರೆ ಒತ್ತೊತ್ತಾಗಿ ಬಿದ್ದ ತೂತುಗಳ ಗುಂಪು, ತೋರಿಸ್ಕೊಳ್ಳೋದಕ್ಕಲ್ಲ. ಹಾಗಾಗಿ ನನ್ನ ಮಟ್ಟಿಗೆ ಲೆಕ್ಕ ಇಷ್ಟೇ, 100 ಮೀಟರ್ ಒಳಗೆ ದಟ್ಟ ಕಾಡಲ್ಲಿ ಮಾತ್ರ ಹೊಡೆಯೋರಿಗೆ 3 ಎಂಒಎ ನಡೆಯತ್ತೆ, 200 ಮೀಟರ್ ತನಕ ಹೋಗೋರಿಗೆ 2 ಎಂಒಎ ಒಳಗಿರ್ಬೇಕು, ಅದರಾಚೆಗೆ 1ರಿಂದ ಒಂದೂವರೆ ಇಲ್ದೆ ಹೋಗ್ಬೇಡಿ.

ಇನ್ನೊಂದು ವಿಷಯ, ರೈಫಲ್ ಕೆಟ್ಟಿದೆ ಅನ್ನೋ ಮುಂಚೆ ಅಳತೆ ಸರಿ ಮಾಡ್ಕೊಳ್ಳಿ. ಮೂರು ಗುಂಡು ಹೊಡೆದು ಒಳ್ಳೇ ಗ್ರೂಪ್ ಬಂತು ಅಂತ ಖುಷಿ ಪಡೋದು, ಮರುದಿನ ಮೂರು ಹೊಡೆದು ಕೆಟ್ಟದಾಗಿ ಬಂತು ಅಂತ ಸ್ಕೋಪ್ ಬಿಚ್ಚೋದು, ಇದು ತುಂಬ ಜನ ಮಾಡೋ ಕೆಲಸ. ಮೂರು ಗುಂಡಲ್ಲಿ ಅದೃಷ್ಟದ ಪಾಲು ಜಾಸ್ತಿ. ಅದೇ ರೈಫಲ್, ಅದೇ ತೋಟಾ, ಹತ್ತು ಗುಂಡು ಒಂದೇ ಗುರಿಗೆ ಹೊಡೆದ್ರೆ ಗ್ರೂಪ್ ಯಾವಾಗ್ಲೂ ದೊಡ್ಡದಾಗೇ ಬರತ್ತೆ, ಅದೇ ನಿಜವಾದ ಚಿತ್ರ. ಗುಂಡು ದುಬಾರಿ ಅನ್ಸಿದ್ರೆ ಐದೈದರ ಎರಡು ಮೂರು ಗ್ರೂಪ್ ಮಾಡಿ, ಮಧ್ಯೆ ಬ್ಯಾರೆಲ್ ಕೈಯಲ್ಲಿ ಮುಟ್ಟೋ ಹಾಗೆ ತಣ್ಣಗಾಗ್ಲಿ. ಸಾಧ್ಯ ಆದ್ರೆ ನಿಮಗಿಂತ ಚೆನ್ನಾಗಿ ಹೊಡೆಯೋ ಒಬ್ರ ಕೈಲಿ ನಿಮ್ಮ ರೈಫಲ್ ಕೊಟ್ಟು ಹೊಡೆಸಿ, ಅವ್ರ ರೈಫಲ್ ನೀವು ಹೊಡೀರಿ, ತಪ್ಪು ಮನುಷ್ಯನದ್ದಾ ಕಬ್ಬಿಣದ್ದಾ ಅನ್ನೋದು ಅಲ್ಲೇ ಅರ್ಧ ಇತ್ಯರ್ಥ ಆಗತ್ತೆ.

ಗುಂಡು ಹೇಗೆ ಚದುರಿದೆ ಅನ್ನೋದೂ ಬಹಳ ಹೇಳತ್ತೆ. ಬ್ಯಾರೆಲ್ ಬಿಸಿ ಆಗ್ತಾ ಆಗ್ತಾ ಗುಂಡು ಒಂದೇ ದಿಕ್ಕಿಗೆ ಸರೀತಾ ಹೋದ್ರೆ ಬ್ಯಾರೆಲ್ಲು ಸ್ಟಾಕಿಗೆ ಎಲ್ಲೋ ತಾಗ್ತಿದೆ, ಇಲ್ಲಾ ಬ್ಯಾರೆಲ್ ಒಳಗೇ ಒತ್ತಡ ಉಳ್ಕೊಂಡಿದೆ. ಎರಡು ಬೇರೆ ಬೇರೆ ಗುಂಪಾಗಿ ಬಿದ್ರೆ ಏನೋ ಸಡಿಲ ಇದ್ದು ಎರಡು ಜಾಗದಲ್ಲಿ ಕೂರ್ತಿದೆ, ಸ್ಕೋಪ್ ಆಗಿರ್ಬಹುದು, ಆಕ್ಷನ್ (ಬೋಲ್ಟ್ ಓಡೋ, ಬ್ಯಾರೆಲ್ ಕೂರೋ ಲೋಹದ ಭಾಗ) ಆಗಿರ್ಬಹುದು. ಮೇಲೆ ಕೆಳಗೆ ಸಾಲಾಗಿ ಬಿದ್ರೆ ತೋಟಾದ ವೇಗದಲ್ಲಿ ವ್ಯತ್ಯಾಸ ಅಥವಾ ಮುಂದಿನ ರೆಸ್ಟ್ ಮೇಲೆ ಪ್ರತೀ ಸಲ ಬೇರೆ ಜಾಗದಲ್ಲಿ ಇಡ್ತಿದ್ದೀರಿ. ಪೇಪರ್‌ನಲ್ಲಿ ತೂತು ದುಂಡಗಿಲ್ದೆ ಉದ್ದುದ್ದ ಇದ್ರೆ ಗುಂಡು ಅಡ್ಡಡ್ಡ ಹೋಗ್ತಿದೆ, ಅಂದ್ರೆ ಬ್ಯಾರೆಲ್ಲಿನ ಟ್ವಿಸ್ಟ್ (ಒಳಗಿನ ಸುರುಳಿ ಗೀರು ಎಷ್ಟು ಉದ್ದಕ್ಕೆ ಒಂದು ಸುತ್ತು ತಿರುಗತ್ತೆ ಅನ್ನೋದು) ಆ ಗುಂಡನ್ನ ತಿರುಗಿಸಿ ಹಿಡಿಯೋಕೆ ಸಾಲ್ತಿಲ್ಲ. .223 ರೆಮಿಂಗ್ಟನ್‌ನಲ್ಲಿ ಇದು ಸಾಮಾನ್ಯ, 12 ಇಂಚಿಗೆ ಒಂದು ಸುತ್ತು ಇರೋ ಹಳೇ ಬ್ಯಾರೆಲ್ 55 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡನ್ನ ಚೆನ್ನಾಗಿ ಹೊಡೆಯತ್ತೆ, ಅದಕ್ಕೇ 77 ಗ್ರೇನ್ ಹಾಕಿ ರೈಫಲ್ ಕೆಟ್ಟಿದೆ ಅಂದ್ರೆ ಪಾಪ ಅದರದ್ದೇನು ತಪ್ಪು. ಸೀಸ ಇಲ್ಲದ ಪೂರ್ತಿ ತಾಮ್ರದ ಗುಂಡು ಬಳಸೋರೂ ಇದನ್ನ ನೆನಪಿಟ್ಕೊಳ್ಳಿ, ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದ ಜಾಸ್ತಿ, ಉದ್ದ ಜಾಸ್ತಿ ಆದ್ರೆ ಟ್ವಿಸ್ಟೂ ಬಿಗಿ ಬೇಕು.

ಇನ್ನು ನನ್ನ ಹಳೇ ರೈಫಲ್‌ಗೆ ಏನೇನು ಮಾಡ್ದೆ, ಯಾವುದರಿಂದ ಎಷ್ಟು ಫಲ ಅಂತ.

ಮೊದ್ಲು ಟಾರ್ಕ್ ಡ್ರೈವರ್, ಅಂದ್ರೆ ಸ್ಕ್ರೂನ ಅಳತೆ ಪ್ರಕಾರ ಬಿಗಿ ಮಾಡೋ ಸಾಧನ. ಈ ಪಟ್ಟೀಲಿ ದುಡ್ಡಿಗೆ ಅತಿ ಹೆಚ್ಚು ಮೌಲ್ಯ ಕೊಟ್ಟಿದ್ದು ಇದೇ, ರೈಫಲ್ ಬದಲಾಯಿಸಿದ್ರೂ ಜೊತೆಗೇ ಇರತ್ತೆ. ಸ್ಕೋಪ್ ರಿಂಗ್ ಸ್ಕ್ರೂಗಳು ಸಾಮಾನ್ಯವಾಗಿ 15ರಿಂದ 20 ಇಂಚ್-ಪೌಂಡ್ (ಬಿಗಿತದ ಅಳತೆ) ಕೇಳ್ತವೆ, ಆಕ್ಷನ್ ಸ್ಕ್ರೂಗಳು ಸ್ಟಾಕಿನ ಮೇಲೆ ಹೋಗತ್ತೆ, ಅಲ್ಯುಮಿನಿಯಂ ಪಿಲ್ಲರ್ (ಸ್ಕ್ರೂ ಸುತ್ತಲಿನ ಲೋಹದ ಕೊಳವೆ) ಇರೋದಕ್ಕೆ 65 ತನಕ ಹೇಳ್ತಾರೆ, ಪಿಲ್ಲರ್ ಇಲ್ಲದ ಮರ ಪ್ಲಾಸ್ಟಿಕ್ಕಿಗೆ ಅಷ್ಟು ಹಾಕಿದ್ರೆ ಸ್ಟಾಕೇ ಅದುಮಿ ಹೋಗತ್ತೆ, ಅದಕ್ಕೆ ಬಹಳ ಕಮ್ಮಿ. ನಿಮ್ಮ ರೈಫಲ್ಲಿನ ಕೈಪಿಡಿ ಏನು ಹೇಳತ್ತೋ ಅದೇ ಅಂತಿಮ. ನಂದರಲ್ಲಿ ಸ್ಕೋಪ್ ಬೇಸ್ ಕೆಳಗಿನ ಒಂದು ಸ್ಕ್ರೂ ಸಡಿಲ ಇತ್ತು, ರಿಂಗು ಬಿಚ್ಚದೆ ಅದು ಕಾಣಲ್ಲ. ಬೇಸ್ ಬಿಚ್ಚಿ, ಎಣ್ಣೆ ಒರೆಸಿ, ಸ್ಕ್ರೂಗೆ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲ ಆಗದ ಹಾಗೆ ಹಿಡಿಯೋ ಅಂಟು) ಹಾಕಿ ಕೂರಿಸಿದ್ದಕ್ಕೇ ಬೇಕಾಬಿಟ್ಟಿ ಹೊರಗೆ ಹೋಗ್ತಿದ್ದ ಗುಂಡುಗಳು ನಿಂತ್ವು. ಸ್ಕೋಪೇ ಕೆಟ್ಟಿರೋ ಅನುಮಾನ ಇದ್ರೆ ಚೆನ್ನಾಗಿ ಹೊಡೀತಿರೋ ಇನ್ನೊಂದು ರೈಫಲ್ಲಿನ ಸ್ಕೋಪ್ ತೆಗೆದು ಇದಕ್ಕೆ ಹಾಕಿ ನೋಡಿ, ಅದಕ್ಕಿಂತ ನಂಬಿಕಸ್ಥ ಪರೀಕ್ಷೆ ಇಲ್ಲ.

ಆಮೇಲೆ ಕ್ಲೀನಿಂಗ್. ಎಣ್ಣೆ ಬಟ್ಟೆ ಎಳೆದು ಬಿಡೋದಲ್ಲ, ಒಳಗೆ ಅಂಟಿರೋ ತಾಮ್ರ ಕರಗಿಸೋ ಸಾಲ್ವೆಂಟ್. ಬೋರ್ ಗೈಡ್ (ರಾಡ್ ನೆಟ್ಟಗೆ ಹೋಗೋ ಹಾಗೆ ಹಿಡಿಯೋ ಕೊಳವೆ) ಹಾಕಿ ಹಿಂದಿನಿಂದ ರಾಡ್ ತೂರಿಸಿ, ನೆನೆಯೋಕೆ ಬಿಟ್ಟು ಪ್ಯಾಚ್ ಎಳೆದ್ರೆ ನೀಲಿ ಹಸಿರು ಬಣ್ಣ ಬರತ್ತೆ, ಅದೇ ತಾಮ್ರ. ನಂದರಲ್ಲಿ ಅದು ಬಂದೇ ಬಂತು, ಮುಗಿಯೋ ಲಕ್ಷಣವೇ ಕಾಣ್ಲಿಲ್ಲ. ಬಾಟಲಿ ಮೇಲೆ ಎಷ್ಟು ಹೊತ್ತು ಬಿಡ್ಬಹುದು ಅಂತ ಬರೆದಿರ್ತಾರೆ, ಅಮೋನಿಯಾ ಜಾಸ್ತಿ ಇರೋದನ್ನ ರಾತ್ರಿಯಿಡೀ ಬಿಡ್ಬೇಡಿ. ಪೂರ್ತಿ ಕ್ಲೀನ್ ಆದ್ಮೇಲೆ ಮೊದಲ ಕೆಲವು ಗುಂಡು ಎಲ್ಲೆಲ್ಲೋ ಹೋಗ್ಬಹುದು, ಅವನ್ನ ಲೆಕ್ಕಕ್ಕೆ ತಗೋಬೇಡಿ. ಇದೇ ಹೊತ್ತಲ್ಲಿ ಬಾಯಿ ಕಡೆ ಕ್ರೌನ್, ಅಂದ್ರೆ ಬ್ಯಾರೆಲ್ ತುದಿಯ ಅಂಚು, ನೋಡಿ, ಹತ್ತಿ ಸುತ್ತಿದ ಕಡ್ಡಿನ ಒಳಗಿಂದ ಹೊರಕ್ಕೆ ಅಂಚಿನ ಸುತ್ತ ಎಳೆದ್ರೆ ಎಲ್ಲಾದ್ರೂ ಎಳೆ ಸಿಕ್ಕಿಕೊಂಡ್ರೆ ಅಲ್ಲಿ ಏಟು ಬಿದ್ದಿದೆ ಅಂತ ಅರ್ಥ. ಗುಂಡು ಬಿಟ್ಟು ಹೋಗೋ ಕೊನೇ ಜಾಗ ಅದು, ಗ್ಯಾಸ್ ಒಂದು ಪಕ್ಕಕ್ಕೆ ಮೊದ್ಲು ನುಗ್ಗಿದ್ರೆ ಗುಂಡು ವಾಲತ್ತೆ. ಕ್ರೌನ್ ಮತ್ತೆ ಕಡಿಸೋದು ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿ ಮಾಡೋರಿಗೆ) ಸಣ್ಣ ಕೆಲಸ, ಬ್ಯಾರೆಲ್ ಎಸೆಯೋ ಮುಂಚೆ ಇದನ್ನ ಮಾಡಿಸ್ಲೇಬೇಕು.

ತೋಟಾ. .308ಕ್ಕೆ 150, 165, 168, 180 ಗ್ರೇನ್ ಎಲ್ಲ ಸಿಗತ್ತೆ, ಒಂದೊಂದು ಬ್ಯಾರೆಲ್‌ಗೆ ಒಂದೊಂದು ಒಗ್ಗತ್ತೆ. ನಾಲ್ಕೈದು ಥರದ ಒಂದೊಂದು ಡಬ್ಬಿ ತಂದು ಒಂದೇ ದಿನ ಹೊಡೆದು ನೋಡೋದೇ ದಾರಿ. ನನ್ನ ಹಳೇದು 150 ಗ್ರೇನನ್ನ ಸಹಿಸ್ತಾನೇ ಇರ್ಲಿಲ್ಲ, 165 ಬಂದ ತಕ್ಷಣ ಗ್ರೂಪ್ ಕಣ್ಣಿಗೆ ಕಾಣೋಷ್ಟು ಕುಗ್ತು. ಯಾರೋ ಹೇಳಿದ ಬ್ರ್ಯಾಂಡನ್ನೇ ಹಿಡ್ಕೊಂಡು ರೈಫಲ್‌ಗೆ ಬೈಯ್ಯೋರು ಈ ಒಂದು ಕೆಲಸ ಮಾಡಿದ್ರೆ ಅರ್ಧ ಜನ ಹೊಸ ರೈಫಲ್ ತಗೊಳ್ಳೋ ಮಾತೇ ಬಿಡ್ತಾರೆ ಅಂತ ನನ್ನ ಗಟ್ಟಿ ಅಭಿಪ್ರಾಯ.

ಬೆಡ್ಡಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಪ್ಲಾಸ್ಟಿಕ್ ಸ್ಟಾಕಿನ ಮುಂಭಾಗ ಹಿಸುಕಿದ್ರೆ ಬಗ್ಗತ್ತೆ, ಬೈಪಾಡ್ (ಮುಂದಿನ ಎರಡು ಕಾಲಿನ ಆಸರೆ) ಹಾಕಿ ಮುಂದಕ್ಕೆ ಒತ್ತಿದ್ರೆ ಬ್ಯಾರೆಲ್‌ಗೆ ತಾಗತ್ತೆ. ಒಂದು ಕಾಗದ ಮಡಚಿ ಬ್ಯಾರೆಲ್ಲಿಗೂ ಸ್ಟಾಕಿಗೂ ಮಧ್ಯೆ ತೂರಿಸಿ ಆಕ್ಷನ್ ತನಕ ಎಳೆದು ನೋಡಿ, ಬರೀ ಟೇಬಲ್ ಮೇಲಿಟ್ಟು ನೋಡಿದ್ರೆ ಸಾಲಲ್ಲ, ಹೊಡೆಯೋವಾಗ ಹೇಗೆ ಭಾರ ಹಾಕ್ತೀರೋ ಹಾಗೆ ಹಾಕಿ ನೋಡಿ. ನಂದು ಅಲ್ಲೇ ಸಿಕ್ಕಿಬಿತ್ತು, ಎಡಗಡೆ ತಾಗ್ತಿತ್ತು. ಚಾನೆಲ್ ಉಜ್ಜಿ ಅಗಲ ಮಾಡಿದೆ. ಇನ್ನೊಂದು ಪರೀಕ್ಷೆ, ಬ್ಯಾರೆಲ್ಲೂ ಸ್ಟಾಕಿನ ತುದೀನೂ ಸೇರೋ ಜಾಗದಲ್ಲಿ ಎರಡಕ್ಕೂ ತಾಗೋ ಹಾಗೆ ಬೆರಳಿಟ್ಟು, ಇನ್ನೊಂದು ಕೈಲಿ ಆಕ್ಷನ್ ಸ್ಕ್ರೂ ಸಡಿಲ ಮಾಡಿ ಬಿಗಿ ಮಾಡಿ, ಬೆರಳಿಗೆ ಅಲುಗಾಟ ಗೊತ್ತಾದ್ರೆ ಆಕ್ಷನ್ ಸರಿಯಾಗಿ ಕೂತಿಲ್ಲ, ಸ್ಕ್ರೂ ಬಿಗಿ ಮಾಡಿದಾಗ ಅದು ಬಗ್ಗಿ ಒತ್ತಡದಲ್ಲಿ ಕೂರ್ತಿದೆ. ಅದಕ್ಕೆ ಎಪಾಕ್ಸಿ ಬೆಡ್ಡಿಂಗ್ ಮಾಡೋದು, ರಿಕಾಯ್ಲ್ ಲಗ್ (ಹೊಡೆದಾಗಿನ ಗುದ್ದನ್ನ ಸ್ಟಾಕಿಗೆ ದಾಟಿಸೋ ಲೋಹದ ತುಂಡು) ಹಿಂದೆ ಮತ್ತು ಆಕ್ಷನ್ ಕೆಳಗೆ. ಮನೇಲಿ ಮಾಡ್ತೀನಿ ಅನ್ನೋರು ರಿಲೀಸ್ ಏಜೆಂಟನ್ನ (ಎಪಾಕ್ಸಿ ಅಂಟದ ಹಾಗೆ ತಡೆಯೋ ಲೇಪ) ಲೋಹದ ಪ್ರತೀ ಮೂಲೆಗೂ ಬಳೀಬೇಕು, ಸ್ಕ್ರೂ ತೂತುಗಳಿಗೆ ಮಾಡೆಲಿಂಗ್ ಕ್ಲೇ ತುಂಬ್ಬೇಕು, ಇಲ್ಲಾಂದ್ರೆ ರೈಫಲ್ ಸ್ಟಾಕೊಳಗೇ ಶಾಶ್ವತವಾಗಿ ಅಂಟಿ ಕೂರತ್ತೆ. ನಾನು ಗನ್‌ಸ್ಮಿತ್ ಕೈಲಿ ಮಾಡಿಸ್ದೆ, ಕೆಲಸ ಅಚ್ಚುಕಟ್ಟಾಗಿತ್ತು, ಅವ್ರಿಗೆ ಪೂರ್ತಿ ಅಂಕ ಕೊಡ್ತೀನಿ. ಪ್ಲಾಸ್ಟಿಕ್ಕಿಗೆ ಎಪಾಕ್ಸಿ ಸುಲಭಕ್ಕೆ ಹಿಡಿಯಲ್ಲ, ಒರಟು ಮಾಡಿ ಸಣ್ಣ ಸಣ್ಣ ತೂತು ಕೊರೆದು ಹಿಡಿತ ಮಾಡ್ಬೇಕು, ಆ ಮಾತು ಮೊದ್ಲೇ ಕೇಳಿ ನೋಡಿ, ಸರಿಯಾದ ಉತ್ತರ ಕೊಡದ ಕೈಗೆ ರೈಫಲ್ ಕೊಡ್ಬೇಡಿ.

ಇಷ್ಟೆಲ್ಲ ಆದ್ಮೇಲೆ 9 ಸೆಂಟಿಮೀಟರ್ ಇದ್ದಿದ್ದು ಸುಮಾರು ಐದೂವರೆಗೆ ಬಂತು, 2 ಎಂಒಎಗಿಂತ ಕೂದಲೆಳೆ ಕಮ್ಮಿ. ಅಲ್ಲಿಂದ ಕೆಳಗೆ ಏನು ಮಾಡಿದ್ರೂ ಇಳೀಲಿಲ್ಲ. ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡೋ ಸಾಧನ) ಹಾಕಿ ನೋಡಿದಾಗ ಕಾರಣ ಕಾಣ್ತು, ಚೇಂಬರ್ (ತೋಟಾ ಕೂರೋ ಜಾಗ) ಮುಂದೆ ರೈಫ್ಲಿಂಗ್ (ಒಳಗಿನ ಸುರುಳಿ ಗೀರು) ಶುರುವಾಗೋ ಥ್ರೋಟ್ ಒಣಗಿದ ಕೆರೆ ತಳದ ಹಾಗೆ ಬಿರುಕು ಬಿಟ್ಟಿತ್ತು, ಮುಂದೆ ರೈಫ್ಲಿಂಗ್ ಮೇಲೆ ಉಳಿಯ ಗೆರೆಗಳು ಅಡ್ಡಡ್ಡ ಇದ್ವು, ತಾಮ್ರ ಅಷ್ಟೊಂದು ಅಂಟ್ತಿದ್ದಿದ್ದು ಅದಕ್ಕೇ. ಥ್ರೋಟ್ ಸವೆಯೋದು ಬಿಸಿ ಗ್ಯಾಸಿನಿಂದ, .308 ಈ ವಿಷಯದಲ್ಲಿ ಸಾಧು, ಸಾವಿರಾರು ಗುಂಡು ತಡೆಯತ್ತೆ, .243 ಥರ ಸಣ್ಣ ಬಾಯಿಗೆ ಜಾಸ್ತಿ ಮದ್ದು ಇರೋವು ಬೇಗ ಸವೀತವೆ, ಗುಂಡಿನ ಮೇಲೆ ಗುಂಡು ಬಿಸಿ ಬಿಸಿ ಹೊಡೆದ್ರೆ ಯಾವುದೂ ಉಳಿಯಲ್ಲ. ಬೋರ್‌ಸ್ಕೋಪ್ ನೋಡಿ ಗಾಬರಿ ಮಾತ್ರ ಬೀಳ್ಬೇಡಿ, ಒಳಗೆ ನೋಡೋಕೆ ಗಲೀಜಾಗಿದ್ದೂ ಚೆನ್ನಾಗಿ ಹೊಡೆಯೋ ಬ್ಯಾರೆಲ್‌ಗಳು ಎಷ್ಟೋ ಇವೆ, ಪೇಪರ್ ಮೇಲಿನ ಗ್ರೂಪೇ ಸಾಕ್ಷಿ. ನನ್ನ ಕೇಸಲ್ಲಿ ಎರಡೂ ಒಂದೇ ಮಾತು ಹೇಳ್ತಿದ್ವು.

ಇಲ್ಲೇ ದಾರಿ ಕವಲಾಗೋದು. ಹೊಸ ಬ್ಯಾರೆಲ್ ಹಾಕಿಸ್ಬಹುದಿತ್ತು. ನಿಮ್ಮ ಹತ್ರ ರೆಮಿಂಗ್ಟನ್ 700 ಇದ್ರೆ ಅದು ಖಂಡಿತ ಯೋಚಿಸ್ಬೇಕಾದ ವಿಷಯ, 1962ರಿಂದ ಬರ್ತಿರೋ ಆಕ್ಷನ್ ಅದು, ಟ್ರಿಗ್ಗರ್ರು, ಸ್ಟಾಕು, ಚಾಸಿ (ಲೋಹದ ಚೌಕಟ್ಟಿನ ಸ್ಟಾಕು), ಬ್ಯಾರೆಲ್ಲು ಏನು ಬೇಕಾದ್ರೂ ಅದಕ್ಕೆ ಅಂತಾನೇ ಮಾಡ್ತಾರೆ. ಸ್ಯಾವೇಜ್‌ನಲ್ಲಿ ಬ್ಯಾರೆಲ್ ನಟ್ ಇರೋದ್ರಿಂದ ಹೆಡ್‌ಸ್ಪೇಸ್ ಗೇಜ್ (ಚೇಂಬರ್‌ನಲ್ಲಿ ತೋಟಾಗೆ ಸರಿಯಾದ ಜಾಗ ಇದೆಯಾ ಅಂತ ನೋಡೋ ಅಳತೆ ತುಂಡು) ಇಟ್ಕೊಂಡು ಬ್ಯಾರೆಲ್ ಬದಲಾಯಿಸೋದು ಬೇರೆಯವಕ್ಕಿಂತ ಸಲೀಸು. ಅಜ್ಜನ ಕಾಲದ್ದು, ಮನೆತನದ್ದು ಅಂತ ಮನಸ್ಸು ಅಂಟಿರೋ ರೈಫಲ್ ಆದ್ರೆ ದುಡ್ಡಿನ ಲೆಕ್ಕವೇ ಹಾಕ್ಬೇಡಿ, ಒಳ್ಳೇ ಬ್ಯಾರೆಲ್ ಹಾಕಿಸಿ ಇನ್ನೊಂದು ತಲೆಮಾರಿಗೆ ಕೊಡಿ. ನಂದು ಈ ಯಾವ ಗುಂಪಿಗೂ ಸೇರಿದ್ದಲ್ಲ, ಅಗ್ಗದ ಆಕ್ಷನ್ನು, ಬಿಡಿಭಾಗ ಸಿಗೋದು ಕಷ್ಟ, ಬ್ಯಾರೆಲ್ಲು ಮತ್ತೆ ಕೂರಿಸೋ ಕೂಲಿ, ಅದಕ್ಕೆ ತಕ್ಕ ಗಟ್ಟಿ ಸ್ಟಾಕು ಸೇರಿಸಿದ್ರೆ ಹೊಸ ರೈಫಲ್ಲಿನ ಬೆಲೆ ದಾಟ್ತಿತ್ತು, ಮಾರೋಕೆ ಹೋದ್ರೆ ಅದರಲ್ಲಿ ಕಾಲು ಭಾಗವೂ ಬರಲ್ಲ.

ಟ್ರಿಗ್ಗರ್ ಬಗ್ಗೆ ಒಂದು ಮಾತು, ಯಾಕಂದ್ರೆ ಎಲ್ರೂ ಮೊದ್ಲು ಅದನ್ನೇ ಬದಲಾಯಿಸ್ತಾರೆ. ಮೂರು ಕೆಜಿ ತೂಕದ ರೈಫಲ್‌ನಲ್ಲಿ ಮೂರು ಕೆಜಿ ಎಳೆತದ ಗರಗರ ಟ್ರಿಗ್ಗರ್ ಇದ್ರೆ ಬೆರಳು ರೈಫಲ್ಲನ್ನೇ ಎಳ್ದ್ಬಿಡತ್ತೆ, ಒಳ್ಳೇ ಟ್ರಿಗ್ಗರ್ ಅದನ್ನ ತಪ್ಪಿಸತ್ತೆ. ಆದ್ರೆ ಟ್ರಿಗ್ಗರ್ ಸರಿ ಮಾಡೋದು ಮನುಷ್ಯನ ತಪ್ಪನ್ನ, ಬ್ಯಾರೆಲ್ಲಿನ ತಪ್ಪನ್ನಲ್ಲ. ಬೇಟೆ ರೈಫಲ್‌ಗೆ ತೀರಾ ಹಗುರ ಮಾಡೋದೂ ಬೇಡ, ಚಳಿಗೆ ಮರಗಟ್ಟಿದ ಬೆರಳಿಗೆ ಒಂದೂವರೆ ಕೆಜಿ ಆಸುಪಾಸು ಸಾಕು. ಏನೇ ಬದಲಾಯಿಸಿದ್ರೂ ಖಾಲಿ ಚೇಂಬರ್‌ನಲ್ಲಿ ಬೋಲ್ಟ್ ಜೋರಾಗಿ ಹೊಡೆದು, ಹಿಂಬದಿ ರಬ್ಬರನ್ನ ನೆಲಕ್ಕೆ ಕುಟ್ಟಿ, ಸೇಫ್ಟಿ ಹಾಕಿ ತೆಗೆದು, ತಾನಾಗೇ ಬಿಟ್ಕೊಳ್ಳತ್ತಾ ಅಂತ ನೋಡದೆ ತೋಟಾ ಹಾಕ್ಲೇಬೇಡಿ.

ಹೊಸದು ಟಿಕ್ಕಾ ಟಿ3ಎಕ್ಸ್ ಲೈಟ್, ಅದೇ .308ರಲ್ಲಿ, ತೋಟಾ ಅನುಭವ ವ್ಯರ್ಥ ಆಗ್ಬಾರ್ದು ಅಂತ. ಫಿನ್ಲೆಂಡಿನ ಸಾಕೊ ಕಾರ್ಖಾನೇಲಿ ತಯಾರಾಗೋದು, 2003ರ ಟಿ3ಯನ್ನ 2016ರಲ್ಲಿ ತಿದ್ದಿ ಟಿ3ಎಕ್ಸ್ ಮಾಡಿದ್ರು, ರಿಕಾಯ್ಲ್ ಲಗ್ ಅಲ್ಯುಮಿನಿಯಂ ಇದ್ದಿದ್ದು ಆಗ ಸ್ಟೀಲ್ ಆಯ್ತು. ಬ್ಯಾರೆಲ್ ಕೋಲ್ಡ್ ಹ್ಯಾಮರ್ ಫೋರ್ಜಿಂಗ್ (ಲೋಹವನ್ನ ಕಾಯಿಸದೆ ಸುತ್ತಿಗೆ ಏಟಲ್ಲೇ ರೂಪಿಸೋದು), ಸ್ಟಾಕಿಗೆ ತಾಗದ ಹಾಗೆ ಬಿಟ್ಟಿರ್ತಾರೆ. 100 ಮೀಟರ್‌ನಲ್ಲಿ ಮೂರು ಗುಂಡಿಗೆ 1 ಎಂಒಎ ಅಂತ ಕಂಪನಿಯೇ ಮಾತು ಕೊಡತ್ತೆ. ನನ್ನ ಕೈಲಿ 165 ಗ್ರೇನ್ ಐದು ಗುಂಡು 3 ಸೆಂಟಿಮೀಟರ್ ಆಸುಪಾಸಲ್ಲೇ ಇರತ್ತೆ, ಹಳೇದು ಸಹಿಸದ 150ಕ್ಕೂ ಇದು ಮುಖ ತಿರುಗಿಸ್ಲಿಲ್ಲ. ಬೋಲ್ಟ್ ಓಡೋ ನುಣುಪು ಕೈಲಿ ಹಿಡಿದೋರಿಗೆ ಮಾತ್ರ ಅರ್ಥ ಆಗೋದು, 70 ಡಿಗ್ರಿ ಎತ್ತಿದ್ರೆ ಸಾಕು, ಸ್ಕೋಪಿಗೆ ಕೈ ತಾಗಲ್ಲ. ಟ್ರಿಗ್ಗರ್ ಸುಮಾರು 1ರಿಂದ 2 ಕೆಜಿ ಮಧ್ಯೆ ಹೊಂದಿಸ್ಕೋಬಹುದು, ಬದಲಾಯಿಸೋ ಯೋಚನೆಯೇ ಬರ್ಲಿಲ್ಲ.

ಎಲ್ಲ ಹೊಗಳಿಕೆಯೂ ಅಲ್ಲ. ಮ್ಯಾಗಜೀನು, ಟ್ರಿಗ್ಗರ್ ಗಾರ್ಡು ಎರಡೂ ಪ್ಲಾಸ್ಟಿಕ್, ಮ್ಯಾಗಜೀನಲ್ಲಿ ಮೂರೇ ತೋಟಾ. ಎಲ್ಲ ಕ್ಯಾಲಿಬರ್‌ಗೂ ಒಂದೇ ಉದ್ದದ ಆಕ್ಷನ್, ಹಾಗಾಗಿ .308ಕ್ಕೆ ಬೇಕಿದ್ದಕ್ಕಿಂತ ಉದ್ದ. ಸ್ಕೋಪ್ ಇಲ್ಲದೆ 3 ಕೆಜಿ ಒಳಗೇ ತೂಕ, ಬೆಟ್ಟ ಹತ್ತೋವಾಗ ಪುಣ್ಯ, ಹೊಡೆದಾಗ ಹೆಗಲಿಗೆ ಚೆನ್ನಾಗೇ ಗುದ್ದತ್ತೆ, ಗುದ್ದಿಗೆ ಹೆದರಿ ಕಣ್ಣು ಮುಚ್ಚೋ ಅಭ್ಯಾಸ ಇರೋರು ಸ್ವಲ್ಪ ಭಾರದ ಮಾಡೆಲ್ ನೋಡಿ. ಬ್ಯಾರೆಲ್ ತೆಳು, ಬೇಗ ಬಿಸಿ ಆಗತ್ತೆ. ಬೇಟೆಗೆ ಅದು ನನಗೆ ದೋಷ ಅನ್ಸಲ್ಲ, ಕಾಡಲ್ಲಿ ಲೆಕ್ಕಕ್ಕೆ ಬರೋದು ತಣ್ಣಗಿನ ಬ್ಯಾರೆಲ್ಲಿನ ಮೊದಲ ಗುಂಡು, ಅದರ ಹಿಂದೆ ಇನ್ನೊಂದು, ಅಷ್ಟೇ. ಯಾವ ರೈಫಲ್ ಕೊಳ್ಳೋದಾದ್ರೂ ಬೇರೆ ಬೇರೆ ದಿನ ತಣ್ಣಗಿನ ಮೊದಲ ಗುಂಡನ್ನ ಒಂದೇ ಪೇಪರ್ ಮೇಲೆ ಹೊಡೆದು ಇಟ್ಕೊಳ್ಳಿ, ಆ ಪೇಪರ್ ಹೇಳೋ ಸತ್ಯ ಬೇರೆ ಯಾವ ಗ್ರೂಪೂ ಹೇಳಲ್ಲ. ಹಳೇದಕ್ಕೂ ಹೊಸದಕ್ಕೂ ನನಗೆ ಅಗಾಧ ವ್ಯತ್ಯಾಸ ಕಂಡಿದ್ದೂ ಅಲ್ಲೇ.

ಹಳೇದನ್ನ ಮಾರಿಲ್ಲ. 100 ಮೀಟರ್ ಒಳಗಿನ ದಟ್ಟ ಕಾಡಿಗೆ, ಮಳೇಲಿ ನೆನೆಯೋ ದಿನಕ್ಕೆ ಇಟ್ಕೊಂಡಿದೀನಿ, ಅಷ್ಟು ದೂರಕ್ಕೆ ಅದು ಈಗ ನಂಬೋ ಹಾಗಿದೆ. ಮಾರೋದಾದ್ರೆ ಬ್ಯಾರೆಲ್ ಹೀಗಿದೆ ಅಂತ ಬೋರ್‌ಸ್ಕೋಪ್ ಫೋಟೋ ತೋರಿಸೇ ಮಾರ್ತೀನಿ. ಹೊಸದು ತಗೊಳ್ಳೋರು ಪೂರ್ತಿ ದುಡ್ಡನ್ನ ರೈಫಲ್ ಮೇಲೇ ಮುಗಿಸ್ಬೇಡಿ, ಗಟ್ಟಿ ಮೌಂಟ್ ಮತ್ತು ರಿಂಗಿಗೆ ಎತ್ತಿಡಿ, ಉಳಿದಿದ್ರಲ್ಲಿ ತೋಟಾ ತಗೊಂಡು ಬೆಂಚು ಬಿಟ್ಟು ಕೂತು, ಮಂಡಿಯೂರಿ, ಕೋಲಿಗೆ ಒರಗಿ ಹೊಡೆದು ಅಭ್ಯಾಸ ಮಾಡಿ.